ನಾಲ್ಕನೇ ಬೆರಳಿನ ಪಂಚಾಯಿತಿ

"ಉಂಗುರದ ಬೆರಳು ಏಳುತ್ತಿಲ್ಲ, ಏನು ಮಾಡಲಿ?" ಎಂದು ಪಿಯಾನೊ ಬಲ್ಲವರನ್ನು ಕೇಳಿದ್ದೇ ತಪ್ಪಾಯಿತು. ವಾದ್ಯಕ್ಕಿರುವುದು 88 ಮನೆ; ಸಲಹೆಗೆ ಮನೆಯೂ ಇಲ್ಲ, ಬಾಗಿಲೂ ಇಲ್ಲ.

"ಅಂಗೈಯಲ್ಲಿ ಕಿತ್ತಳೆ ಹಿಡಿದಂತೆ ಬೆರಳು ಬಾಗಲಿ" ಎಂದರೊಬ್ಬರು. "ಪಿಯಾನೊ ದಿಗ್ಗಜ ಹೊರೊವಿಟ್ಸ್ ನುಡಿಸಿದ್ದೇ ಚಪ್ಪಟೆ ಬೆರಳಲ್ಲಿ, ಕಿತ್ತಳೆ ಸುಲಿದು ತಿನ್ನಿ" ಎಂದರು ಇನ್ನೊಬ್ಬರು. "ಕುರ್ಚಿ ಎತ್ತರಿಸಿ" ಎಂದೊಬ್ಬರು ಅನ್ನುವಷ್ಟರಲ್ಲಿ, ಪಿಯಾನೊ ವಾದಕ ಗ್ಲೆನ್ ಗೌಲ್ಡ್‌ಗೆ ಅಪ್ಪ ಮಾಡಿಕೊಟ್ಟ ಕುಳ್ಳ ಕುರ್ಚಿ ಅಡ್ಡ ಬಂತು. "ಹಾನಾನ್ ಪುಸ್ತಕದ 60 ಅಭ್ಯಾಸ ದಿನಾ ನುಡಿಸಿ" ಎಂಬ ಕಷಾಯಕ್ಕೆ, "ಅತಿಯಾದರೆ ಸಂಗೀತಕಾರ ಶೂಮನ್ ಗತಿ! ಬಲಗೈ ಬೆರಳು ಕೆಟ್ಟು ವಾದನ ಬಿಟ್ಟ" ಎಂಬ ಪಥ್ಯ.

ಕೊನೆಗೊಬ್ಬ ಪುಣ್ಯಾತ್ಮರು ಗುಟ್ಟು ಬಿಚ್ಚಿದರು: ಉಂಗುರದ ಬೆರಳಿನ ಸ್ನಾಯುರಜ್ಜು ಅಕ್ಕಪಕ್ಕದವುಗಳೊಂದಿಗೆ ಬೆಸೆದುಕೊಂಡಿದೆಯಂತೆ. ಅವಿಭಕ್ತ ಕುಟುಂಬದ ಮಧ್ಯದ ಮಗ, ಒಬ್ಬನೇ ಹೊರಡುವಂತಿಲ್ಲ. ಎತ್ತಲು ಗುದ್ದಾಡಬೇಡಿ, ಮಣಿಕಟ್ಟು ಸ್ವಲ್ಪ ಆ ಬೆರಳಿನ ಕಡೆ ಜರುಗಿಸಿ, ಮುಂಗೈ ಭಾರ ಬಿಡಿ.

ಬಿಟ್ಟೆ. ಸ್ವರ ಬಂತು! ಮರುದಿನವೇ ಹೊಸಬನೊಬ್ಬ, "ಸಾರ್, ಕಿರುಬೆರಳು..." ಎಂದ. ನಾನು ಗಂಟಲು ಸರಿಮಾಡಿಕೊಂಡೆ: "ನೋಡಪ್ಪಾ, ಮೊದಲು ಒಂದು ಕಿತ್ತಳೆ ತಗೋ..."