ಮೂರೂವರೆ ಅಂಕದ ಮಹಾಶಯ

ಸಿನಿಮಾ ನೋಡಿ, ಮನೆಗೆ ಹೋಗಿ, ಊಟ ಮಾಡಿ ಮಲಗುವವರು ಸಾಮಾನ್ಯ ಪ್ರೇಕ್ಷಕರು. ನೋಡಿದ ಪ್ರತಿಯೊಂದು ಸಿನಿಮಾಕ್ಕೂ ಐದಕ್ಕೆ ಇಷ್ಟು ಎಂದು ಅಂಕ ಬರೆದಿಡದ ಹೊರತು ನಿದ್ದೆ ಬಾರದವರನ್ನು ಈ ಬರಹದ ಮಟ್ಟಿಗೆ ಅಂಕದಾತರು ಎಂದು ಕರೆಯಬಹುದು. ಪತ್ರಿಕೆಯ ವಿಮರ್ಶಕನಿಗೂ ಅಂಕದಾತನಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಮೊದಲಿನವನಿಗೆ ಸಂಭಾವನೆಯೂ ಪಾಸೂ ಸಿಗುತ್ತವೆ. ಎರಡನೆಯವನು ಟಿಕೆಟ್ಟು, ಪಾರ್ಕಿಂಗು, ಪಾಪ್‌ಕಾರ್ನುಗಳಿಗೆ ಸ್ವಂತ ದುಡ್ಡು ತೆತ್ತು, ಯಾರೂ ಕೇಳದ ತೀರ್ಪನ್ನು ಯಾರೂ ವಿಧಿಸದ ಗಡುವಿನೊಳಗೆ ಒಪ್ಪಿಸುತ್ತಾನೆ. ಈತ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹೇರಳವಾಗಿಯೂ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಬ್ಯಾಂಕು ಕಾಲೇಜುಗಳಲ್ಲಿ ಸಾಕಷ್ಟಾಗಿಯೂ ಕಂಡುಬರುತ್ತಾನೆ. ವಾರಾಂತ್ಯದ ಒಂದೇ ಒಂದು ಕನ್ನಡ ಆಟಕ್ಕಾಗಿ ಪಕ್ಕದೂರಿನವರೆಗೂ ಕಾರು ಓಡಿಸುವ ವಿದೇಶೀ ಪ್ರಭೇದವೊಂದೂ ಇದೆ. ಖರ್ಚಾದ ಪೆಟ್ರೋಲಿಗೆ ಮರ್ಯಾದೆ ಕೊಟ್ಟು ಅದು ಕಾಲು ಅಂಕ ಹೆಚ್ಚಿಗೆ ಹಾಕುತ್ತದೆ.

ಅಂಕದಾತನ ಮೂಲ ಆಸ್ತಿ ಒಂದು ಎಕ್ಸೆಲ್ ಹಾಳೆ. ಅದರಲ್ಲಿ ಕಥೆ, ಚಿತ್ರಕಥೆ, ಅಭಿನಯ, ಛಾಯಾಗ್ರಹಣ, ಬಿಜಿಎಂ ಎಂಬ ಕಾಲಮ್ಮುಗಳಿರುತ್ತವೆ. ಬಿಜಿಎಂ ಎಂದರೆ ಹಿನ್ನೆಲೆ ಸಂಗೀತ, ಅದು ಚೆನ್ನಾಗಿದ್ದರೆ ಷರಾದಲ್ಲಿ ಬೆಂಕಿ ಎಂದೂ, ಕಿವಿ ಗುಂಯ್‌ಗುಟ್ಟಿಸಿದರೂ ಬೆಂಕಿ ಎಂದೂ ನಮೂದಾಗುತ್ತದೆ. ಇವೆಲ್ಲದರ ಕೊನೆಗೆ ಒಟ್ಟಾರೆ ಅನುಭವ ಎಂಬ ಇನ್ನೊಂದು ಕಾಲಮ್ಮಿದೆ. ಮಿಕ್ಕ ಕಾಲಮ್ಮುಗಳ ಸರಾಸರಿ ಎರಡು ಮುಕ್ಕಾಲು ಬಂದರೂ ನಾಲ್ಕೂಕಾಲು ಬಂದರೂ ಅದನ್ನು ಮೂರೂವರೆಗೆ ತಂದು ನಿಲ್ಲಿಸುವುದಕ್ಕಾಗಿಯೇ ಇದನ್ನು ಇಟ್ಟುಕೊಳ್ಳಲಾಗಿದೆ ಎಂಬುದು ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದವರಿಗೆ ಅರ್ಥವಾಗುತ್ತದೆ.

ಸಿನಿಮಾಕ್ಕೆ ನಕ್ಷತ್ರ ಹಂಚುವ ಪದ್ಧತಿ ಹಳೆಯದು. 1928ರಲ್ಲಿ ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆಯ ಐರಿನ್ ಥೈರರ್ ಎಂಬ ವಿಮರ್ಶಕಿ ಚಿತ್ರಗಳಿಗೆ ನಕ್ಷತ್ರ ಕೊಡತೊಡಗಿದಾಗ ಗರಿಷ್ಠ ಮಿತಿ ಮೂರೇ ಇತ್ತು; ಆ ವ್ಯವಸ್ಥೆಯಲ್ಲಿ ನಮ್ಮ ಅಂಕದಾತ ಬದುಕಿ ಉಳಿಯುವುದು ಸಾಧ್ಯವೇ ಇರಲಿಲ್ಲ. 1990ರಲ್ಲಿ ಹುಟ್ಟಿದ ಐಎಂಡಿಬಿ ಹತ್ತರ ಮಾನವನ್ನೂ, ಅದಾದ ಎರಡು ದಶಕಗಳ ಮೇಲೆ ಬಂದ ಲೆಟರ್‌ಬಾಕ್ಸ್‌ಡ್ ಅರ್ಧರ್ಧ ನಕ್ಷತ್ರದ ಸೌಲಭ್ಯವನ್ನೂ ಜನಸಾಮಾನ್ಯರ ಕೈಗಿತ್ತ ಮೇಲೆ ಈ ಕುಲ ಹಬ್ಬಿತು. ಅದಕ್ಕೂ ಹಿಂದೆ ಕನ್ನಡಿಗರು ಸಿನಿಮಾವನ್ನು ಅಳೆಯುತ್ತಿದ್ದುದು ದಿನಗಳಲ್ಲಿ. ನೂರು ದಿನ ಓಡಿದರೆ ಶತದಿನೋತ್ಸವ, ಇಪ್ಪತ್ತೈದು ವಾರ ಓಡಿದರೆ ರಜತೋತ್ಸವ. 1972ರ ಬಂಗಾರದ ಮನುಷ್ಯ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದ ಮೇಲೆ ಅದು ಐದಕ್ಕೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಗಾಂಧಿ ಕ್ಲಾಸಿನಲ್ಲಿ, ಅಂದರೆ ತೆರೆಗೆ ಅಂಟಿಕೊಂಡಂತಿದ್ದ ಅಗ್ಗದ ಸಾಲುಗಳಲ್ಲಿ, ಕೂತವರು ಶಿಳ್ಳೆಯಲ್ಲಿ ತೀರ್ಪು ಕೊಡುತ್ತಿದ್ದರು, ಮತ್ತು ಶಿಳ್ಳೆಯನ್ನು ಅರ್ಧ ಹೊಡೆಯಲು ಬರುವುದಿಲ್ಲ.

ಮೂರೂವರೆಯೇ ಏಕೆ ಎಂಬುದು ಈ ವಿಷಯದ ತಿರುಳು. ಐದಕ್ಕೆ ಮೂರೂವರೆ ಎಂದರೆ ನೂರಕ್ಕೆ 70. ಎಸ್ಸೆಸ್ಸೆಲ್ಸಿಯಲ್ಲಿ ಬಹುಕಾಲ 35ಕ್ಕೆ ಪಾಸು, 60ಕ್ಕೆ ಫಸ್ಟ್ ಕ್ಲಾಸು, 85ಕ್ಕೆ ಡಿಸ್ಟಿಂಕ್ಷನ್ ಎಂಬ ಲೆಕ್ಕದಲ್ಲಿ ಬೆಳೆದ ಕನ್ನಡಿಗನ ಮನಸ್ಸಿನಲ್ಲಿ ಎಪ್ಪತ್ತು ಎನ್ನುವುದು ಯಾರಿಗೂ ನೋವಾಗದ ಜಾಗ: ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾನೆ, ಆದರೆ ಬೀದಿಗೆಲ್ಲ ಪೇಡ ಹಂಚುವಷ್ಟೇನಲ್ಲ. ಮೂರು ಕೊಟ್ಟರೆ ನಾಯಕನಟನ ಅಭಿಮಾನಿಗಳು ಅಂಕದಾತನ ವಂಶವೃಕ್ಷವನ್ನು ವಿಚಾರಿಸಿಕೊಳ್ಳುತ್ತಾರೆ. ನಾಲ್ಕು ಕೊಟ್ಟರೆ ಇರಾನಿನ, ಕೊರಿಯಾದ ಚಿತ್ರಗಳನ್ನಷ್ಟೇ ನೋಡುವ ಸಹೋದ್ಯೋಗಿ ತುಟಿಯಂಚಿನಲ್ಲಿ ನಗುತ್ತಾನೆ. ಇಬ್ಬರ ನಡುವೆ ನಿಂತುಕೊಳ್ಳಲು ಸಿಕ್ಕಿದ ಅರ್ಧ ಅಡಿ ನೆಲದಲ್ಲೇ ಅಂಕದಾತ ತನ್ನ ಸಂಸಾರ ಹೂಡಿದ್ದಾನೆ.

ಹಾಗೆಂದು ಎಲ್ಲ ಚಿತ್ರಗಳೂ ಅಲ್ಲಿಗೆ ಒಂದೇ ದಾರಿಯಿಂದ ಬರುವುದಿಲ್ಲ. 2022ರ ಕಾಂತಾರದ ಕೊನೆಯ ಇಪ್ಪತ್ತು ನಿಮಿಷ ನೋಡಿ ಮೈನವಿರೆದ್ದು ಹೊರಬಂದಾಗ ಅಂಕದಾತ ಎಸ್ಕಲೇಟರಿನ ಮೇಲೆ ಐದಕ್ಕೆ ಐದು ಕೊಟ್ಟಿದ್ದ. ಪಾರ್ಕಿಂಗಿನಲ್ಲಿ ಕಾರು ಹುಡುಕುವಷ್ಟರಲ್ಲಿ ಪ್ರೇಮಪ್ರಕರಣದ ದೃಶ್ಯಗಳು ನೆನಪಾಗಿ ಅದು ನಾಲ್ಕೂವರೆಯಾಯಿತು. ಟೋಲ್ ದಾಟುವಾಗ ನಾಲ್ಕು. ಮನೆಯಲ್ಲಿ ಇತರರ ಅಭಿಪ್ರಾಯಗಳನ್ನು ಓದಿ, ಎಲ್ಲರೂ ಐದು ಕೊಟ್ಟಿರುವುದನ್ನು ಕಂಡು, ತನಗೂ ಒಂದು ಸ್ವಂತ ಬುದ್ಧಿಯಿದೆ ಎಂದು ಸ್ಥಾಪಿಸುವುದು ಅಗತ್ಯವೆನಿಸಿದ್ದರಿಂದ ಮೂರೂವರೆ. 2014ರಲ್ಲಿ ತೆರೆಕಂಡ ಉಳಿದವರು ಕಂಡಂತೆ ಚಿತ್ರದ ಪಯಣ ಇದಕ್ಕೆ ತದ್ವಿರುದ್ಧ. ಒಂದೇ ಕಥೆಯನ್ನು ಹಲವರ ಕಣ್ಣಿನಲ್ಲಿ ಹೇಳುವ ಆ ಚಿತ್ರಕ್ಕೆ ಮೊದಲ ವಾರದಲ್ಲಿ ತಲೆಬುಡ ತಿಳಿಯಲಿಲ್ಲ ಎಂಬ ಷರಾದೊಂದಿಗೆ ಎರಡು ಅಂಕ ಸಿಕ್ಕಿತ್ತು; ವರ್ಷಗಳು ಕಳೆದು ಆ ಚಿತ್ರಕ್ಕೆ ಭಕ್ತವೃಂದವೇ ಹುಟ್ಟಿಕೊಂಡದ್ದನ್ನು ನೋಡಿದ ಮೇಲೆ ಅಂಕವನ್ನು ಸದ್ದಿಲ್ಲದೆ ಮೂರೂವರೆಗೆ ಏರಿಸಿ, ಷರಾವನ್ನು ಕಾಲಕ್ಕಿಂತ ಮುಂದಿದ್ದ ಚಿತ್ರ ಎಂದು ತಿದ್ದಲಾಯಿತು. ತಿದ್ದಿದ ದಿನಾಂಕ ಮಾತ್ರ 2014ರದ್ದೇ ಆಗಿ ಉಳಿದಿದೆ.

ಅರ್ಧ ಅಂಕದ ವಹಿವಾಟಿನಲ್ಲಿ ಭಾಷೆಗೂ ಪಾಲಿದೆ. ಕನ್ನಡ ಚಿತ್ರಕ್ಕೆ ನಮ್ಮದು ಎಂಬ ಕಾರಣಕ್ಕೆ ಅರ್ಧ ಅಂಕ ಗ್ರೇಸ್ ಸಿಗುತ್ತದೆ, ನಮ್ಮವರು ಕಲಿಯುವುದು ಯಾವಾಗ ಎಂಬ ಕಾರಣಕ್ಕೆ ಅರ್ಧ ಅಂಕ ಕಳೆಯಲಾಗುತ್ತದೆ. ಮಲಯಾಳಂ ಚಿತ್ರಕ್ಕೆ ಮಳೆ, ದೋಣಿ, ಹೆಂಚಿನ ಮನೆ ಮತ್ತು ಲುಂಗಿ ಎತ್ತಿ ಕಟ್ಟಿದ ನಾಯಕ ಕಂಡ ಕೂಡಲೇ, ಕಥೆ ಆರಂಭವಾಗುವುದಕ್ಕೂ ಮೊದಲು, ಎರಡು ಅಂಕ ಜಮೆಯಾಗಿರುತ್ತದೆ. ಅದೇ ಮಳೆ ಅದೇ ಹೆಂಚು ತೀರ್ಥಹಳ್ಳಿಯಲ್ಲಿ ಚಿತ್ರೀಕರಣಗೊಂಡು ಬಂದರೆ ಲ್ಯಾಗ್ ಎಂಬ ಆಕ್ಷೇಪ ಏಳುತ್ತದೆ. ಲ್ಯಾಗ್ ಎಂದರೆ ಕಥೆ ಮುಂದಕ್ಕೆ ಹೋಗದೆ ಎಳೆದಾಡುವುದು, ಅದು ಬಹುತೇಕ ಫಸ್ಟ್ ಹಾಫಿನಲ್ಲೇ ಇರುತ್ತದೆ. ಟಿಕೆಟಿನ ದರವೂ ಅಂಕವನ್ನು ಪ್ರಭಾವಿಸುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 200 ರೂಪಾಯಿಯ ಮಿತಿ ಹಾಕಿ, ಅದೇ ತಿಂಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಾಗ, ಅಂಕದಾತ ಎರಡೂ ದಿನ ಹೆಚ್ಚು ಮಾತಾಡದೆ ಇದ್ದ. ದುಬಾರಿ ಟಿಕೆಟಿನ ಚಿತ್ರಕ್ಕೆ ಕಡಿಮೆ ಅಂಕ ಕೊಟ್ಟರೆ ತಾನು ಮೋಸಹೋದೆನೆಂದು ಒಪ್ಪಿಕೊಂಡಂತಾಗುತ್ತದೆ. ಮನೆಯಲ್ಲಿ ಬಟ್ಟೆ ಮಡಚುತ್ತ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡಿದ ಚಿತ್ರದ ಬಗ್ಗೆಯಾದರೆ ನಿರ್ದೇಶಕನಿಗೆ ಓಟದ ಲಯ ಸಿಕ್ಕಿಲ್ಲ ಎಂದು ಧೈರ್ಯವಾಗಿ ಬರೆಯಬಹುದು.

ಇಷ್ಟು ಶ್ರಮದಿಂದ ಸಿದ್ಧವಾದ ಅಂಕ ಸಮಾಜಕ್ಕೆ ಉಪಯೋಗಕ್ಕೆ ಬರುವ ಸಂದರ್ಭದಲ್ಲೇ ತೊಡಕು ಎದುರಾಗುತ್ತದೆ. ಮೇಲ್ಮನೆಯ ಆಂಟಿ ಬಟ್ಟೆ ಒಣಹಾಕುತ್ತ ನಿಂತು, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಸರಳ ಉದ್ದೇಶದಿಂದ, ‘ಹೆಂಗಿದೆಯಪ್ಪಾ ಪಿಕ್ಚರು?’ ಎಂದು ಕೇಳುತ್ತಾರೆ. ‘ಮೂರೂವರೆ, ಆಂಟಿ.’ ‘ಮೂರೂವರೆ ಆಟಕ್ಕೆ ಹೋಗೋಕೆ ನಮ್ಮೋರು ನಿದ್ದೆಯಿಂದ ಏಳಬೇಕಲ್ಲ.’ ಆಟದ ಹೊತ್ತಲ್ಲ, ಅಂಕ ಎಂದು ಅಂಕದಾತ ವಿವರಿಸಿ, ಮೇಕಿಂಗ್ ಚೆನ್ನಾಗಿದ್ದು ಬರವಣಿಗೆ ಸಡಿಲವಾಗಿದೆ, ಒನ್ ಟೈಮ್ ವಾಚ್, ಅಂದರೆ ಒಮ್ಮೆ ನೋಡಲು ಅಡ್ಡಿಯಿಲ್ಲ ಎಂದೆಲ್ಲ ಮುಗಿಸಿದ ಮೇಲೆ ಅವರು ಬಕೆಟ್ ಎತ್ತಿಕೊಳ್ಳುತ್ತ ಕೇಳುವ ಪ್ರಶ್ನೆ ಒಂದೇ: ‘ಅದೆಲ್ಲ ಸರಿ, ಹೋಗ್ಲಾ ಬೇಡ್ವಾ?’ ಈ ಪ್ರಶ್ನೆಗೆ ಎಕ್ಸೆಲ್ ಹಾಳೆಯಲ್ಲಿ ಕಾಲಮ್ಮಿಲ್ಲ. ಅಂಕದಾತನ ಹೆಂಡತಿಯಾದರೋ ಇಂಥ ಪ್ರಶ್ನೆಗಳನ್ನು ಕೇಳುವುದನ್ನು ಬಿಟ್ಟು ಬಹುದಿನಗಳಾಗಿವೆ. ಚಿತ್ರ ಮುಗಿದು ದೀಪ ಹತ್ತಿದಾಗ ಆಕೆ ‘ನಂಗೆ ಹಿಡಿಸ್ತು’ ಎಂದೋ ‘ತಲೆನೋವು ಬಂತು’ ಎಂದೋ ಹೇಳಿ, ಕಾಲಡಿಯ ಚಪ್ಪಲಿ ಹುಡುಕತೊಡಗುತ್ತಾಳೆ.

ಅಂಕದಾನವನ್ನೇ ಅಣಕಿಸುವ ಚಿತ್ರ ಎದುರಾದಾಗ ಈತನ ಸ್ಥಿತಿ ನೋಡುವಂತಿರುತ್ತದೆ. 2024ರ ಡಿಸೆಂಬರಿನಲ್ಲಿ ಬಂದ ಉಪೇಂದ್ರರ ಯುಐ, ಬುದ್ಧಿವಂತರು ಎದ್ದು ಹೋಗಬಹುದು, ದಡ್ಡರು ಪೂರ್ತಿ ನೋಡಬಹುದು ಎಂಬರ್ಥದ ಸೂಚನೆಯಿಂದಲೇ ಆರಂಭವಾಗುತ್ತದೆ. ಆ ಚಿತ್ರವನ್ನು ನೋಡಿದ ವಿಮರ್ಶಕನೊಬ್ಬ ವಿಮರ್ಶೆ ಬರೆಯಲಾಗದೆ ಪರದಾಡುವುದೂ ಚಿತ್ರದೊಳಗೇ ಬರುತ್ತದೆ. ಎದ್ದು ಹೋದರೆ ಅಂಕ ಕೊಡುವಂತಿಲ್ಲ, ಕೂತರೆ ದಡ್ಡ. ಆದ್ದರಿಂದ ಅಂಕದಾತ ಇಂಟರ್ವಲ್‌ನಲ್ಲಿ ಎದ್ದು ಕಾಫಿ ತೆಗೆದುಕೊಂಡು, ಒಳಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ನೋಡಿ ರಾಜಿ ಮಾಡಿಕೊಂಡ. ಕೊಟ್ಟ ಅಂಕ ಹೇಳಬೇಕಾಗಿಲ್ಲ. ಇನ್ನು 1977ರ ಘಟಶ್ರಾದ್ಧದಂತಹ ಸ್ವರ್ಣಕಮಲ ಪಡೆದ ಚಿತ್ರಗಳು ಅವನ ವಾಚ್‌ಲಿಸ್ಟ್‌ನಲ್ಲಿ, ಎಂದರೆ ಮುಂದೆಂದಾದರೂ ನೋಡುವೆನೆಂದು ಮಾಡಿಟ್ಟ ಪಟ್ಟಿಯಲ್ಲಿ, ಭದ್ರವಾಗಿವೆ. ನೋಡಿದರೆ ಅಂಕ ಕೊಡಬೇಕಾಗುತ್ತದೆ, ಗಿರೀಶ್ ಕಾಸರವಳ್ಳಿಯವರಿಗೆ ಮೂರೂವರೆ ಕೊಟ್ಟು ಊರಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಎಂಬ ಭಯವೇ ಆ ಪಟ್ಟಿಯನ್ನು ಕಾಯುತ್ತಿದೆ.

ಈಚಿನ ನಮೂದುಗಳಲ್ಲಿ ಕುತೂಹಲದ್ದು 2025ರ ಜುಲೈನಲ್ಲಿ ಬಿಡುಗಡೆಯಾದ ಸು ಫ್ರಮ್ ಸೋ. ಕರಾವಳಿಯ ಹಳ್ಳಿಯೊಂದರಲ್ಲಿ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಬಂದಿದೆಯೆಂದು ಊರೆಲ್ಲ ನಂಬಿ ಗಲಿಬಿಲಿಗೊಳ್ಳುವ ಆ ಕಥೆಗೆ ಅಂಕದಾತ ನಕ್ಕ ನಗೆಗೆ ಮುಂದಿನ ಸಾಲಿನವರು ಎರಡು ಬಾರಿ ತಿರುಗಿ ನೋಡಿದರು. ಆದರೂ ನಗಿಸುವ ಚಿತ್ರಕ್ಕೆ ನಾಲ್ಕು ಕೊಡುವುದು ಗಾಂಭೀರ್ಯಕ್ಕೆ ಕುಂದು ಎಂಬ ಸ್ವಯಂಕೃತ ನಿಯಮದಂತೆ ಅದೂ ಮೂರೂವರೆಗೇ ತೃಪ್ತಿಪಡಬೇಕಾಯಿತು. ಅದನ್ನು ಅಕಾರಾದಿಯಾಗಿ ಜೋಡಿಸುವಾಗ, ಕೆಲವೇ ಸಾಲುಗಳ ಅಂತರದಲ್ಲಿ, ಇನ್ನೊಬ್ಬ ಸುಲೋಚನೆಯ ಹೆಸರು ಕಾಣಿಸುತ್ತದೆ: ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾವ್ ಅಭಿನಯಿಸಿ, 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲವಾದ್ದರಿಂದ ಅದನ್ನು ನೋಡಿ ಎದುರುವಾದ ಹೂಡುವವರು ಯಾರೂ ಇಲ್ಲ; ಅಂಕದಾತನ ಇಡೀ ಹಾಳೆಯಲ್ಲಿ ಐದಕ್ಕೆ ನಾಲ್ಕೂವರೆ ಪಡೆದಿರುವುದು ಅದೊಂದೇ, ಮತ್ತು ಷರಾದ ಜಾಗದಲ್ಲಿ ಬಿಜಿಎಂ ಬೆಂಕಿ ಎಂದಿದೆ.