ಪದ್ಮಿನೀಪತಿ

ಮೈಸೂರಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ದಾರಿ ಹೇಳಬೇಕಾದರೂ ಟಾರ್ಪಾಲಿನಿಂದಲೇ ಶುರುಮಾಡಬೇಕು. “ನೀಲಿ ಟಾರ್ಪಾಲು ಹೊದ್ದುಕೊಂಡಿರೋ ಕಾರು ಕಾಣುತ್ತಲ್ಲ, ಅದರ ಎದುರು ಮನೆ.” “ಅಯ್ಯೋ, ಟಾರ್ಪಾಲು ದಾಟಿಬಿಟ್ರಾ? ವಾಪಸ್ ಬನ್ನಿ.” ಗ್ಯಾಸ್ ಸಿಲಿಂಡರಿನವನು, ಕೊರಿಯರ್ ಹುಡುಗ, ನಮ್ಮಕ್ಕನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ಎಲ್ಲರೂ ಅದೇ ಗುರುತು ಹಿಡಿದು ಬಂದವರು. ಬೀದಿಯ ಹೆಸರಿನ ಫಲಕ ಎರಡು ಸಲ ಬಿದ್ದು ಎದ್ದಿದೆ. ಟಾರ್ಪಾಲು ಮಾತ್ರ ಕದಲಿಲ್ಲ.

ಅದರ ಕೆಳಗಿರುವುದು 1982ರ ಪ್ರೀಮಿಯರ್ ಪದ್ಮಿನಿ. ಯಜಮಾನರು ಪಿಯುಸಿ ಮಕ್ಕಳಿಗೆ ಮೂವತ್ತು ಚಿಲ್ಲರೆ ವರ್ಷ ಫಿಸಿಕ್ಸ್ ಹೇಳಿ ನಿವೃತ್ತರಾದವರು. ಎದುರಿಗೆ ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ; ಬೆನ್ನ ಹಿಂದೆ ಪದ್ಮಿನೀಪತಿ. ಈ ಬಿರುದು ಅವರ ಹೆಂಡತಿಗೂ ಗೊತ್ತು; ಅವರನ್ನು ಬೀದಿಯವರೆಲ್ಲ ಅಕ್ಕ ಅನ್ನುತ್ತೇವೆ. “ನನ್ನ ಹೆಸರು ಪದ್ಮಿನಿ ಅಲ್ವಲ್ಲಪ್ಪ, ಅಂದಮೇಲೆ ನಂದು ಎರಡನೇ ಸಂಬಂಧ” ಎಂದು ಅಕ್ಕ ಒಂದು ಸಲ ಕಾಫಿ ಕೊಡುತ್ತಾ ಹೇಳಿದ್ದರು. ಮೇಷ್ಟ್ರು ನಗಲಿಲ್ಲ. ಚಿತ್ತೋಡದ ರಾಣಿಯ ಹೆಸರನ್ನು ಹಗುರವಾಗಿ ಆಡಬಾರದು ಎಂದರು.

ಮೈಸೂರಿಗೆ ಈ ಕಾಯಿಲೆ ಹೊಸದಲ್ಲ. 1961ರಿಂದ 1996ರವರೆಗೆ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿಗಳನ್ನು ಮಾಡಿ ಊರಿಗೆಲ್ಲ ಹಚ್ಚಿಹೋಗಿದೆ. ಆದರೆ ಜಾವಾದವರದು ಬಂದುಹೋಗುವ ಜ್ವರ. ಬೈಕು ಕೈಕೊಟ್ಟರೆ ತಳ್ಳಿಕೊಂಡಾದರೂ ಮನೆ ಸೇರಬಹುದು, ಗೋಡೆಗೆ ಒರಗಿಸಬಹುದು, ಒಂದಲ್ಲ ಒಂದು ದಿನ ಅದು ಡುಗುಡುಗು ಎಂದು ಹೊರಟೇಬಿಡುತ್ತದೆ. ಕಾರು ಹಾಗಲ್ಲ. ಅದು ಪೋರ್ಟಿಕೋ ಹಿಡಿದು ಕೂತಿತೆಂದರೆ ಮನೆಯವರು ಅಡ್ಡಡ್ಡ ತಿರುಗಿ ಒಳಗೆ ಹೋಗಬೇಕು. ಮೇಷ್ಟ್ರ ಮನೆಯವರು 2003ರಿಂದ ಹಾಗೇ ಹೋಗುತ್ತಿದ್ದಾರೆ. ಅವರ ಮಗ ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ ಹೊಸಿಲಿನ ಅಕ್ಕಿ ಸೇರು ತಲುಪುವ ಮೊದಲೇ ಆ ಹುಡುಗಿಯ ಸೀರೆಯ ಸೆರಗು ಬಂಪರಿಗೆ ಸಿಕ್ಕಿಕೊಂಡಿತು. “ನೋಡಿ, ಪದ್ಮಿನಿ ಸೊಸೇನ ಹಿಡಕೊಂಡ್ಳು” ಎಂದು ಮೇಷ್ಟ್ರು ಸಂತೋಷಪಟ್ಟರಂತೆ.

ಮಾರಿಬಿಡಿ ಎಂದು ಹೇಳದವರಿಲ್ಲ. ಗುಜರಿಯವನು ಆರು ತಿಂಗಳಿಗೊಮ್ಮೆ ಬಂದು ಗೇಟಿನ ಹೊರಗೇ ನಿಂತು, ಐಸಿಯುನಲ್ಲಿರುವ ಅಜ್ಜನನ್ನು ನೋಡಲು ಬಂದ ದಾಯಾದಿಯ ಹಾಗೆ, ಮೆಲ್ಲಗೆ “ಹೇಗಿದೆ ಸಾರ್?” ಎಂದು ವಿಚಾರಿಸುತ್ತಾನೆ. ಮೇಷ್ಟ್ರ ಉತ್ತರ ಸಿದ್ಧವಿರುತ್ತದೆ: “ಬಂಗಾರದಂಥ ಇಂಜಿನ್ನಪ್ಪಾ. ಈ ಭಾನುವಾರ ಸ್ಟಾರ್ಟ್ ಮಾಡ್ತಾ ಇದೀನಿ.” ಈ ಭಾನುವಾರ ಎನ್ನುವುದು ಪಂಚಾಂಗದಲ್ಲಿ ಸಿಗುವ ಭಾನುವಾರವಲ್ಲ ಎಂದು ಅವನಿಗೂ ಗೊತ್ತು. ತಲೆಯಾಡಿಸಿ ಹೋಗುತ್ತಾನೆ.

ಮಾರದಿರುವುದಕ್ಕೆ ಕಾರಣವಿದೆ, ಅದನ್ನು ನಾನೂ ಒಪ್ಪುತ್ತೇನೆ. ಆ ಕಾಲದಲ್ಲಿ ಕಾರು ಕೊಳ್ಳುವುದೆಂದರೆ ದುಡ್ಡು ಕಟ್ಟಿ ಕಾಯುವುದು. ಮೇಷ್ಟ್ರು ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ ಅವರ ತಂದೆ ಬುಕ್ ಮಾಡಿದ ಕಾರು, ಮೇಷ್ಟ್ರು ಬಿ.ಎಸ್ಸಿ. ಮುಗಿಸಿದ ವರ್ಷ ಬಂತು. ಅಷ್ಟು ಕಾದು ಪಡೆದದ್ದನ್ನು ಅಷ್ಟು ಸುಲಭವಾಗಿ ಬಿಡಲಾಗುತ್ತದೆಯೇ? ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು, ಗೇರು ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡಿತ್ತು. ಹಾಗಾಗಿ ಅಪ್ಪ, ಅಮ್ಮ, ನಡುವೆ ತಂಗಿ, ಹಿಂದೆ ನಾಲ್ಕು ಜನ, ಡಿಕ್ಕಿಯಲ್ಲಿ ಪುಳಿಯೋಗರೆ ಡಬರಿ, ಹೀಗೆ ನಂಜನಗೂಡಿಗೆ ಹೋಗಿ ಬರುತ್ತಿದ್ದರು. ಬಿಸಿಲಲ್ಲಿ ಪೆಟ್ರೋಲ್ ಪಂಪು ಕಾದು ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅದು ತಣಿಯುವಷ್ಟರಲ್ಲಿ ಪುಳಿಯೋಗರೆ ಮುಗಿಸುತ್ತಿದ್ದರು. ಪೆಟ್ರೋಲು ಪೈಪಿನಲ್ಲೇ ಆವಿಯಾದರೆ ಪಂಪಿಗೆ ಎಳೆಯಲು ಏನೂ ಸಿಗುವುದಿಲ್ಲ. ಅದಕ್ಕೆ ಆ ಉಪಚಾರ. ಆ ಒದ್ದೆ ಬಟ್ಟೆ ಅವರ ಅಮ್ಮನ ಹಳೇ ಸೀರೆಯದು. ಅದು ಇವತ್ತಿಗೂ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ. ಗುಜರಿಗೆ ಹಾಕಿದರೆ ಅದಕ್ಕೆ ಯಾವ ರೇಟು?

ಶಾಸ್ತ್ರಿಯವರ ಪ್ರಸಂಗವೂ ತಪ್ಪದೆ ಬರುತ್ತದೆ. ಲಾಲ್ ಬಹದ್ದೂರ್ ಶಾಸ್ತ್ರಿಗಳು 1964ರಲ್ಲಿ, ಪ್ರಧಾನಿಯಾಗಿದ್ದಾಗ, ಪದ್ಮಿನಿಯ ಪೂರ್ವಜನಾದ ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ, ಕೈಲಿದ್ದದ್ದು 7,000, ಉಳಿದದ್ದಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. ಇದನ್ನು ಹೇಳುವಾಗ ಮೇಷ್ಟ್ರ ಕಣ್ಣು ತುಂಬುತ್ತದೆ. “ಅಂಥಾ ಪ್ರಾಮಾಣಿಕರ ಗಾಡಿ ಇದು. ಅದೇ ವಂಶ!” ಒಳಗಿನಿಂದ ಅಕ್ಕನ ದನಿ: “ಆ ಸಾಲಾನೂ ಕೊನೆಗೆ ತೀರಿಸಿದ್ದು ಹೆಂಡ್ತಿನೇ.” ಅದೂ ನಿಜ. ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿ ಹಣದಲ್ಲಿ ಕಟ್ಟಿದರು. ಮೇಷ್ಟ್ರು ಈ ಭಾಗವನ್ನು ಪಾಠದಲ್ಲಿ ಸೇರಿಸುವುದಿಲ್ಲ.

ನಿವೃತ್ತಿಯಾದ ಮಾರನೆಯ ದಿನ ಟಾರ್ಪಾಲು ಎತ್ತಿದರು. ಬೀದಿಯ ನಾಲ್ಕು ಮಂದಿಯನ್ನು ತಳ್ಳಲು ಕರೆದರು. ನಾನೂ ಹೋದೆ. ತಳ್ಳುವ ಮೊದಲು ಇಂಜಿನ್ ಎಂದರೇನು ಎಂದು ತಿಳಿದಿರಬೇಕಲ್ಲ? 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೋ ಮಾಡಿದ ನಾಲ್ಕು ಸ್ಟ್ರೋಕಿನ ಇಂಜಿನ್ನಿನಿಂದ ಪಾಠ ಆರಂಭವಾಯಿತು. ಎಳೆದುಕೊಳ್ಳುವುದು, ಒತ್ತುವುದು, ಹೊತ್ತಿ ಸಿಡಿಯುವುದು, ಹೊರಹಾಕುವುದು. ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಗ್ರಾಫು ಬರೆದರು. ಮುಕ್ಕಾಲು ಗಂಟೆ. ಆಮೇಲೆ ತಳ್ಳಿದೆವು. ನಾಲ್ಕೂ ಚಕ್ರದ ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ನೆಲ ಅಲುಗಿದರೂ ಗಾಡಿ ಅಲುಗುವಂತಿರಲಿಲ್ಲ. ನನ್ನ ಸೊಂಟ ಹಿಡಿದುಕೊಂಡು ಒಂದು ವಾರ ಆಯುರ್ವೇದದ ಎಣ್ಣೆ ಹಚ್ಚಿಸಿಕೊಂಡೆ. ಅಂದಿನ ಒಟ್ಟು ಫಲಿತಾಂಶ ಅದೇ.

ಹ್ಯಾಂಡಲ್ ಹಾಕಿ ತಿರುಗಿಸಿದರೆ ಇಂಜಿನ್ನೂ ಜಾಮ್. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಅದಕ್ಕೆ ಮಂಡಿ ಮೊಹಲ್ಲಾದ ಹಳೇ ಮೆಕ್ಯಾನಿಕ್ ಭಾಯ್ ಹೇಳಿದ ಮದ್ದು ಸರಳ: ನಾಲ್ಕು ಪ್ಲಗ್ ಬಿಚ್ಚಿ, ತೂತಿನಲ್ಲಿ ಡೀಸೆಲ್ಲೂ ಇಂಜಿನ್ ಆಯಿಲ್ಲೂ ಬೆರೆಸಿ ಸುರಿದು ನಾಲ್ಕು ದಿನ ಬಿಡಿ, ಆಮೇಲೆ ಮೆಲ್ಲಗೆ ತಿರುಗಿಸಿ. ಮೇಷ್ಟ್ರು ಸುರಿದರು. ಬಿಟ್ಟರು. ಬಿಟ್ಟೇಬಿಟ್ಟರು. “ನೆನೆಹಾಕಿದ್ದೀನಿ” ಎಂದು ಬೀದಿಗೆಲ್ಲ ಹೇಳಿಕೊಂಡು ನಾಲ್ಕು ತಿಂಗಳು ಓಡಾಡಿದರು. “ಕಡಲೆಕಾಳಾಗಿದ್ರೆ ಮೊಳಕೆ ಒಡೆದು ಗಿಡವಾಗಿ ಕಾಯಿ ಬಿಟ್ಟಿರೋದು” ಎಂದರು ಅಕ್ಕ. ಅವರಿಗೆ ಸಿಟ್ಟಿದ್ದದ್ದು ಇದಕ್ಕಲ್ಲ. ಹಬ್ಬದ ಪಾಯಸದ ಪಾತ್ರೆಯಲ್ಲಿ ಕಾರ್ಬೊರೇಟರ್ ನೆನೆಯುತ್ತಿತ್ತು. ಟ್ಯಾಂಕಿನ ಹಳೇ ಪೆಟ್ರೋಲು ಅರಗಿನಂತಾಗಿ ಜೆಟ್ಟುಗಳ ಕಣ್ಣು ಮುಚ್ಚಿತ್ತು. ಅದನ್ನು ಬಿಡಿಸಲು ಅಷ್ಟೇ ಅಗಲದ ಪಾತ್ರೆ ಬೇಕಿತ್ತಂತೆ. ಆ ವರ್ಷ ಯುಗಾದಿಗೆ ಪಾಯಸವಿಲ್ಲ, ಹೋಳಿಗೆ ಮಾತ್ರ.

ಬಿಚ್ಚಿದ ಪ್ರತಿ ನಟ್ಟು, ಬೋಲ್ಟು, ವಾಷರಿಗೂ ಹಾರ್ಲಿಕ್ಸ್ ಬಾಟಲಿಯಿದೆ. ಪ್ರತಿ ಬಾಟಲಿಗೂ ಲ್ಯಾಬಿನಲ್ಲಿ ಬರೆದಂತೆ ಚೀಟಿ: ಯಾವ ಭಾಗ, ಬಿಚ್ಚಿದ ದಿನಾಂಕ, ಷರಾ. ಷೋಕೇಸಿನಲ್ಲಿ ಮಗಳ ಭರತನಾಟ್ಯದ ಕಪ್ಪುಗಳಿದ್ದ ಜಾಗವನ್ನು ಈಗ ಅವೇ ಆಕ್ರಮಿಸಿವೆ. ಬಿಚ್ಚುವುದರಲ್ಲಿ ಮೇಷ್ಟ್ರಿಗೆ ಇರುವ ಶ್ರದ್ಧೆ ಜೋಡಿಸುವುದರಲ್ಲಿ ಇಲ್ಲ ಎಂದು ಯಾರಾದರೂ ಅಂದಾರು. ನಾನು ಅನ್ನುವುದಿಲ್ಲ. ನಮ್ಮ ಮನೆ ಅಟ್ಟದಲ್ಲಿ ಬಿಚ್ಚಿಟ್ಟ ಹಾರ್ಮೋನಿಯಂ ಒಂದಿದೆ. ಅದರ ಸುದ್ದಿ ಇಲ್ಲಿ ಬೇಡ.

ಸಾಮಾನು ತರಲು ಬೆಳಗಿನ ರೈಲಿಗೆ ಬೆಂಗಳೂರಿಗೆ, ಜೆ.ಸಿ. ರಸ್ತೆಗೆ. ಬೇಕಿದ್ದದ್ದು ಬ್ರೇಕಿನ ವೀಲ್ ಸಿಲಿಂಡರ್ ಕಿಟ್ಟು, ಕ್ಲಚ್ ಪ್ಲೇಟು, ರೇಡಿಯೇಟರ್ ಹೋಸು. ಸಂಜೆ ಮರಳಿ ಬಂದಾಗ ಕೈಯಲ್ಲಿದ್ದದ್ದು ಮುಂಭಾಗಕ್ಕೆ ಹಾಕುವ ಹೊಳೆಯುವ ‘ಪ್ರೀಮಿಯರ್’ ಮಾನೋಗ್ರಾಮು, ಒಂದು ಜೋಡಿ ಹಾರ್ನು ಮತ್ತು ಆನಂದಬಾಷ್ಪ. “ಒರಿಜಿನಲ್ ಕಣಯ್ಯಾ! ಅಂಗಡಿಯವನಿಗೇ ಗೊತ್ತಿರಲಿಲ್ಲ, ಅವನ ಹತ್ರ ಇದೆ ಅಂತ!” ಈ ಜಾತಿಯ ಜನ ಎಲ್ಲ ಊರಲ್ಲೂ ಹೀಗೇ. ಮೊದಲು ಹಾರ್ನು ತರುತ್ತಾರೆ, ಬ್ರೇಕನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಾರೆ. ಹೊಸ ಬ್ಯಾಟರಿ ಬಂದ ದಿನ ಹಾರ್ನು ಹೊಡೆದರು. ಬೀದಿ ನಾಯಿಗಳೆಲ್ಲ ಎದ್ದು ಕೂತವು. ಹೆಡ್‌ಲೈಟು ಮಾತ್ರ ಹತ್ತಲಿಲ್ಲ: ವೈರಿಂಗನ್ನು ಇಲಿ ತಿಂದಿತ್ತು. ಗಣಪತಿಯ ವಾಹನ ಪದ್ಮಿನೀಪತಿಯ ವಾಹನವನ್ನು ತಿಂದದ್ದು ಹೀಗೆ.

ಗಾಡಿ ಏಕೆ ಹೊರಡುತ್ತಿಲ್ಲ ಎಂಬುದಕ್ಕೆ ಮೇಷ್ಟ್ರು ಕೊಡುವ ಕಾರಣಗಳು ಕಾಲಕ್ಕೆ ತಕ್ಕಂತೆ ನವೀಕರಣಗೊಳ್ಳುತ್ತವೆ. ಮೊದಲು ಸೀಸ. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ತೆಗೆದರಲ್ಲ, ಹಳೇ ಇಂಜಿನ್ನಿನ ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿದ್ದದ್ದೇ ಅದು, “ಅವತ್ತಿಂದ ಶುರುವಾಯ್ತು ನೋಡಿ ಇವಳಿಗೆ ಸುಸ್ತು.” ಈಗ ಎಥೆನಾಲ್. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರಿನ ಪೈಪು, ವಾಷರುಗಳನ್ನು ತಿನ್ನುತ್ತದೆ, “ಇಂಥಾದ್ದನ್ನ ಕುಡಿಸಿ ಕೊಲ್ಲಲಾ?” ಎರಡೂ ಸುಳ್ಳಲ್ಲ. ಈ ಮನುಷ್ಯನ ತೊಂದರೆಯೇ ಅದು, ಒಂದು ಕಾರಣವೂ ಸುಳ್ಳಿರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ವಾದ ಸಿಕ್ಕಿದ್ದು ಕೇಂದ್ರ ಸರ್ಕಾರದಿಂದ. 2021ರಲ್ಲಿ ಹೊಸ ನಿಯಮ ಬಂತು: 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನ ವಿಂಟೇಜ್, ಅದಕ್ಕೆ ನಂಬರಿನಲ್ಲಿ ‘ವಿಎ’ ಎಂಬ ಬೇರೆ ಅಕ್ಷರ. ಮೇಷ್ಟ್ರು ಲೆಕ್ಕ ಹಾಕಿದರು. 1982ಕ್ಕೆ 50 ಕೂಡಿಸಿದರೆ 2032. “ಅಲ್ಲಿಯವರೆಗೆ ಕೈಹಚ್ಚದೆ ಇದ್ರೆ ಸಾಕು, ತಾನಾಗೇ ವಿಂಟೇಜ್ ಆಗುತ್ತೆ!” ಏನೂ ಮಾಡದೆ ಕೂತರೆ ಬೆಲೆ ಏರುವ ವಸ್ತು ನಿವೇಶನ ಒಂದೇ ಎಂದುಕೊಂಡಿದ್ದೆ. ಸದ್ಯಕ್ಕೆ ಗಾಡಿಗೆ ಕೆಎ ಬರುವುದಕ್ಕೂ ಮುಂಚಿನ, ‘ಸಿಎ’ಯಿಂದ ಶುರುವಾಗುವ ನಂಬರಿದೆ. ವಾರಕ್ಕೊಮ್ಮೆ ಗಾಡಿಯಲ್ಲಿ ಒರೆಸುವುದು ಆ ಪ್ಲೇಟೊಂದನ್ನೇ.

2023ರ ಅಕ್ಟೋಬರ್ 30ರಂದು ಮುಂಬೈ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತಿಯಾಯಿತು. ಕಪ್ಪು-ಹಳದಿ ಬಣ್ಣದ ಆ ಸಾವಿರಾರು ಟ್ಯಾಕ್ಸಿಗಳಲ್ಲಿ ಉಳಿದಿದ್ದದ್ದು ಅದೊಂದೇ. ಬೆಳಗ್ಗೆ ಪೇಪರಿನಲ್ಲಿ ಓದಿದ ಮೇಷ್ಟ್ರು ಎದ್ದು ಹೋಗಿ ತಲೆಗೆ ಸ್ನಾನ ಮಾಡಿ ಬಂದರು. “ಹತ್ತಿರದವರಾ?” ಎಂದು ಕೇಳಿದರಂತೆ ಅಕ್ಕ.

ವರ್ಷಕ್ಕೊಂದು ದಿನ ಮಾತ್ರ ಟಾರ್ಪಾಲು ಪೂರ್ತಿ ಇಳಿಯುತ್ತದೆ, ಆಯುಧಪೂಜೆಗೆ. ಬೀದಿಯ ಎಲ್ಲ ಗಾಡಿಗಳ ಹಾಗೆ ಪದ್ಮಿನಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಬಾಳೆಕಂದು. ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ನಾವೆಲ್ಲ ನಮ್ಮ ನಮ್ಮ ಗಾಡಿಗಳನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಪಚಕ್ ಎನಿಸಿ ಒಂದು ಸುತ್ತು ಹೋಗಿ ಬರುತ್ತೇವೆ. ಮೇಷ್ಟ್ರ ನಿಂಬೆಹಣ್ಣು ಹಾಗೇ ಇರುತ್ತದೆ. ದೀಪಾವಳಿಗೆ ಹಳದಿ, ಸಂಕ್ರಾಂತಿಗೆ ಕಂದು, ಶಿವರಾತ್ರಿಗೆ ಕಪ್ಪು ಗೋಲಿ. ಮುಂದಿನ ಆಯುಧಪೂಜೆಗೆ ಅವನ್ನು ತೆಗೆದು ಹೊಸವು. ಒಂದು ಬಾರಿ ಅಕ್ಕ ಪೂಜೆಯ ಮಾರನೇ ದಿನವೇ ನಾಲ್ಕನ್ನೂ ಎತ್ತಿ ತೊಳೆದು ಉಪ್ಪಿನಕಾಯಿಗೆ ಹಾಕಿಬಿಟ್ಟರು. ಚೆನ್ನಾಗಿತ್ತು. ನಮಗೂ ಕೊಟ್ಟಿದ್ದರು.

ಕಳೆದ ಆಯುಧಪೂಜೆಯ ಸಂಜೆ ಭಾಯ್ ಬಂದರು. ತಮ್ಮ ಗ್ಯಾರೇಜಿನ ಪೂಜೆ ಮುಗಿಸಿ, ಹಳೇ ಗಿರಾಕಿಗಳ ಮನೆಗೆ ಪುರಿ-ಕಡಲೆಯ ಪೊಟ್ಟಣ ಹಂಚುತ್ತಾ ಬಂದಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಹಾರ ಹಾಕಿಕೊಂಡು ನಿಂತ ಪದ್ಮಿನಿಯನ್ನು ಒಂದು ಸುತ್ತು ನೋಡಿ, ಏನೂ ಹೇಳದೆ ಅಂಗಿಯ ತೋಳು ಮಡಚಿದರು. ಪಾಯಿಂಟು ಉಜ್ಜಿದರು. ನೆನೆದು ಸಡಿಲವಾಗಿದ್ದ ಇಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ಪ್ಲಗ್ಗಿನ ಮಸಿ ಒರೆಸಿದರು. ಷೋಕೇಸಿನಿಂದ ಒಂಬತ್ತು ಹಾರ್ಲಿಕ್ಸ್ ಬಾಟಲಿ ತರಿಸಿ ಕಾರ್ಬೊರೇಟರ್ ಜೋಡಿಸಿದರು. ಮೂರು ವರ್ಷದ ಕೆಲಸ, ಎರಡು ಗಂಟೆ. ಟ್ಯಾಂಕನ್ನು ನಂಬದೆ, ನೀರಿನ ಬಾಟಲಿಯಲ್ಲಿ ಪೆಟ್ರೋಲು ಹಾಕಿ ಪೈಪು ಕೊಟ್ಟು ಮೇಲಿಂದ ಇಳಿಬಿಟ್ಟರು, ಡ್ರಿಪ್ ಹಾಕಿದ ಹಾಗೆ. ಚೋಕ್ ಎಳೆದು ಸೆಲ್ಫ್ ಹೊಡೆದರು. ಮೂರನೇ ಸಲಕ್ಕೆ ಕೆಮ್ಮು. ಐದನೇ ಸಲಕ್ಕೆ 1089 ಸಿಸಿಯ ಆ ಇಂಜಿನ್ ಹತ್ತಿಕೊಂಡು, ಇಪ್ಪತ್ತು ಚಿಲ್ಲರೆ ವರ್ಷದ ಹೊಗೆಯನ್ನು ಒಂದೇ ಉಸಿರಿಗೆ ಬಿಟ್ಟಿತು. ಎದುರುಮನೆಯ ಮಹಡಿಯಲ್ಲಿ ಒಣಹಾಕಿದ್ದ ಬಿಳಿ ಪಂಚೆಗಳು ಕಣ್ಣೆದುರೇ ಬೂದುಬಣ್ಣಕ್ಕೆ ತಿರುಗಿದವು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿದರೋ ಕಣ್ಣು ಒರೆಸಿದರೋ, ಹೊಗೆಯಲ್ಲಿ ಸರಿಯಾಗಿ ಕಾಣಲಿಲ್ಲ.

ಮೇಷ್ಟ್ರ ಮುಖ ಮಾತ್ರ ಪೆಚ್ಚಾಗಿತ್ತು. ಬಾನೆಟ್ಟಿನ ಮೇಲೆ ಕಿವಿಯಿಟ್ಟು ಕೇಳಿದರು. “ಟ್ಯಾಪೆಟ್ ಶಬ್ದ ಇದೆಯಲ್ಲ ಭಾಯ್. ಆಫ್ ಮಾಡಿ, ಆಫ್ ಮಾಡಿ. ಹೆಡ್ ಇಳಿಸಬೇಕು ಅನಿಸುತ್ತೆ.”

“ಹೆಡ್ ಏನೂ ಇಳಿಸೋದು ಬೇಡ ಸಾರ್. ಓಡಿಸಿ ನೀವು.”

“ಕ್ಲಚ್ಚೇ ಬಿಡ್ತಿಲ್ಲವಲ್ಲ?”

ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿತ್ತು, ನಿಜ. ಭಾಯ್ ಅದಕ್ಕೂ ಮದ್ದು ಬಲ್ಲವರು. ಬ್ರೇಕು ಕಚ್ಚಿದ್ದನ್ನು ನಿಪ್ಪಲ್ ಸಡಿಲಿಸಿ, ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಬಿಡಿಸಿದರು. ಇಂಜಿನ್ ಆಫ್ ಮಾಡಿ, ಗಾಡಿಯನ್ನು ಮೊದಲನೇ ಗೇರಿಗೆ ಹಾಕಿ, ಮೇಷ್ಟ್ರನ್ನು ಸೀಟಿನಲ್ಲಿ ಕೂರಿಸಿ, “ಕ್ಲಚ್ ಪೂರಾ ತುಳೀರಿ, ಸೆಲ್ಫ್ ಹೊಡೀರಿ” ಎಂದರು. ಮೇಷ್ಟ್ರು ಕಣ್ಣು ಮುಚ್ಚಿ ಹೊಡೆದರು. ಪದ್ಮಿನಿ ಕಪ್ಪೆಯಂತೆ ಒಂದು ನೆಗೆತ ನೆಗೆದು, ತುಳಸೀಕಟ್ಟೆಯ ಮುಂದೆ ಕೆಮ್ಮಿ ನಿಂತುಕೊಂಡಿತು. ಮುಂದಿನ ಎಡ ಚಕ್ರದ ಕೆಳಗಿಂದ ಪಚಕ್ ಎಂದಿತು.

ಬೀದಿ ಒಂದು ಕ್ಷಣ ಉಸಿರಾಡಲಿಲ್ಲ. ಮೇಷ್ಟ್ರು ಇಳಿದು, ಬಗ್ಗಿ, ಚಪ್ಪಟೆಯಾದ ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಭಾಯ್ ಕೈ ತೊಳೆಯಲು ಒಳಗೆ ಹೋದರು. ಮೇಷ್ಟ್ರು ನಮ್ಮನ್ನೆಲ್ಲ ಕರೆದು ಗಾಡಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಹಿಂದಕ್ಕೆ ತಳ್ಳಿಸಿದರು. ಈ ಬಾರಿ ಅದು ಹಗುರವಾಗಿ ಉರುಳಿತು. ಮಾರನೇ ವಾರ ಟಾರ್ಪಾಲು ಹೊಸದು ಬಂತು, ಹಸಿರು; ದಾರಿ ಕೇಳುವವರಿಗೆ ನಾವೀಗ ಬಣ್ಣ ಬದಲಿಸಿ ಹೇಳಬೇಕು.

ಷೋಕೇಸಿನಲ್ಲಿ ಬಾಟಲಿಯೊಂದು ಹೆಚ್ಚಾಗಿದೆ. ಮೊನ್ನೆ ಹೋದಾಗ ಚೀಟಿ ಓದಿದೆ. ‘ನಿಂಬೆಹಣ್ಣು. ಮುಂಭಾಗ, ಎಡ ಚಕ್ರ. ಚಲಿಸಿದ ದೂರ: 1 ಅಡಿ 2 ಇಂಚು. ಷರಾ: ಉಳಿದ ಮೂರು ಬಾಕಿ.’