ಪರ್ಸೆಂಟ್ ಅಂಕಲ್

ನ್ಯೂಜೆರ್ಸಿಯ ಎಡಿಸನ್ ಕಡೆ ಯಾವ ಕನ್ನಡದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಮೂರು ತಪ್ಪುವುದಿಲ್ಲ: ಪ್ರಸಾದದ ಸಜ್ಜಿಗೆ, ಬಿಸಿಬೇಳೆಬಾತು, ಪರ್ಸೆಂಟ್ ಅಂಕಲ್. ಮೊದಲೆರಡು ಬೇಗ ಖಾಲಿಯಾಗುತ್ತವೆ.

“ನೂರಕ್ಕೆ ಹದಿಮೂರು,” ಎಂದರು ಮೊನ್ನೆ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹದಿನೇಳರ ಹುಡುಗನಿಗೆ. ಹುಡುಗ ಏನೂ ಕೇಳಿರಲಿಲ್ಲ. ಹಪ್ಪಳಕ್ಕೆ ಕೈ ಚಾಚಿದ್ದ, ಅಷ್ಟೆ.

“ಯಾವ ಕಾಲೇಜು ಅಂಕಲ್?”

“ನೀನೇ ಹೇಳಿದ್ಯಲ್ಲಪ್ಪ, ಗಣೇಶನ ಹಬ್ಬದಲ್ಲಿ. ಮೇಯ್ನ್ ರಾಜ್ಯದ್ದು.”

“ಓ, ಬೌಡೊಯಿನ್!”

“ಬೋಡಿನ್ ಅನ್ನಬೇಕು. ಈಗ ಹನ್ನೆರಡೂವರೆ.”

ಇವರಿಗೊಂದು ಸ್ವಂತ ಹೆಸರಿದೆ, ಒಳ್ಳೆಯ ಕೆಲಸವಿದೆ. ಆದರೆ ಯಾವ ಕಾಲೇಜಿನಲ್ಲಿ ಸೀಟು ಸಿಗುವ ಚಾನ್ಸ್ ನೂರಕ್ಕೆ ಎಷ್ಟು ಎಂದು ಕೇಳದೆಯೂ ಹೇಳುವುದರಿಂದ ಕನ್ನಡ ಸಂಘದ ಮಕ್ಕಳ ಪಾಲಿಗೆ ಅವರು ಪರ್ಸೆಂಟ್ ಅಂಕಲ್. ಅವರ ಕ್ಷೇತ್ರ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಅಲ್ಲ. “ಅದನ್ನ ಯಾರು ಬೇಕಾದರೂ ಹೇಳ್ತಾರೆ” ಎಂದು ಕೈ ಕೊಡವುತ್ತಾರೆ. ಅವರು ಸ್ಪೆಷಲಿಸ್ಟು. ಎರಡು ಸಾವಿರ ಹುಡುಗರಷ್ಟೇ ಓದುವ, ಗುಡ್ಡದ ಬುಡದಲ್ಲೋ ಜೋಳದ ಹೊಲದ ನಡುವೆಯೋ ಕೂತಿರುವ ಲಿಬರಲ್ ಆರ್ಟ್ಸ್ ಕಾಲೇಜುಗಳದ್ದು ಅವರ ಶಾಸ್ತ್ರ. 1793ರ ವಿಲಿಯಮ್ಸ್, 1821ರ ಆಮರ್ಸ್ಟ್, 1864ರ ಸ್ವಾರ್ತ್‌ಮೋರ್, ಕ್ಯಾಲಿಫೋರ್ನಿಯಾದ ಪೊಮೋನಾ. ನೂರು ಅರ್ಜಿ ಬಂದರೆ ಹತ್ತರ ಆಸುಪಾಸಿನಲ್ಲೇ ಬಾಗಿಲು ಹಾಕುವ ಮಹಾಮನೆಗಳು ಇವು. ವಿಲಿಯಮ್ಸ್‌ನ ಮ್ಯಾಸ್ಕಾಟ್ ನೇರಳೆ ಹಸು ಎಂದು ತಿಳಿದ ದಿನದಿಂದ ಅದು ನಮ್ಮವರದೇ ಸಂಸ್ಥೆ ಎಂಬ ಭಾವನೆ ಅವರಿಗಿದೆ.

ಈ ಶಾಸ್ತ್ರವನ್ನು ಊರಿಗೆ ಅರ್ಥ ಮಾಡಿಸುವುದು ಮಾತ್ರ ಅವರಿಂದಲೂ ಆಗಿಲ್ಲ. ನನ್ನ ಮಗಳು ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುತ್ತಾಳೆ ಎಂದಾಗ ಮೈಸೂರಿನಿಂದ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿದರು: “ಆರ್ಟ್ಸಾ? ಯಾಕೋ, ಮಾರ್ಕ್ಸ್ ಕಮ್ಮಿ ಬಂತಾ?” ಅಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಎಲ್ಲ ಇದೆ, ಸ್ವಾರ್ತ್‌ಮೋರ್‌ನಲ್ಲಿ ಎಂಜಿನಿಯರಿಂಗೂ ಇದೆ ಎಂದೆ. “ಇರಲಿ ಬಿಡು, ನಾವು ಯಾರಿಗೂ ಹೇಳಲ್ಲ” ಎಂದು ಸಮಾಧಾನ ಮಾಡಿದರು.

ಮುಂದಿನ ವಾರ ಅಪ್ಪನ ಸರದಿ. “ನವೆಂಬರ್‌ನಲ್ಲಿ ಇ.ಡಿ. ಇದೆ, ಡಿಸೆಂಬರ್‌ನಲ್ಲಿ ತೀರ್ಮಾನ ಆಗುತ್ತೆ” ಎಂದು ನಾನು ಹೇಳಿದ್ದೇ ತಪ್ಪಾಯಿತು. ಅರ್ಲಿ ಡಿಸಿಷನ್ ಎಂದರೆ ಒಂದೇ ಒಂದು ಕಾಲೇಜಿಗೆ ಮೊದಲೇ ಹಾಕುವ ಅರ್ಜಿ, ಸಿಕ್ಕರೆ ಅಲ್ಲಿಗೇ ಹೋಗುತ್ತೇವೆಂಬ ಮಾತು ಕೊಟ್ಟು. ಅಪ್ಪನಿಗೆ ಗೊತ್ತಿದ್ದ ಇ.ಡಿ. ಟೀವಿಯಲ್ಲಿ ಬೆಳಗಿನ ಜಾವ ಮನೆ ಬಾಗಿಲು ಬಡಿಯುವಂಥದ್ದು. “ಎಷ್ಟು ದುಡ್ಡಪ್ಪ ವಿಷಯ?” ಎಂದು ಕೇಳಿದರು. ವರ್ಷಕ್ಕೆ 80,000 ಡಾಲರಿಗೂ ಮೇಲೆ ಎಂದೆ. ಅವರ ಅನುಮಾನ ಗಟ್ಟಿಯಾಯಿತು.

ಈ ಇ.ಡಿ.ಯ ಗಡುವು ಬಹಳ ಕಡೆ ನವೆಂಬರ್ 1 ಇಲ್ಲವೇ 15. ಹಾಗಾಗಿ ನಮ್ಮ ರಾಜ್ಯೋತ್ಸವದ ಕೋಲಾಟಕ್ಕೆ ಹನ್ನೆರಡನೇ ಕ್ಲಾಸಿನವರು ಯಾರೂ ಸಿಗುವುದಿಲ್ಲ. ಪರ್ಸೆಂಟ್ ಅಂಕಲ್ ಮಾತ್ರ ಶಲ್ಯ ಹೊದ್ದು ಬಂದು ತಂದೆತಾಯಂದಿರ ನಡುವೆ ಪ್ರವಚನಕ್ಕೆ ಕೂರುತ್ತಾರೆ.

“ಇ.ಡಿ.ಲಿ ಪರ್ಸೆಂಟು ಜಾಸ್ತಿ ಕಾಣುತ್ತೆ ಇವ್ರೇ, ಮೋಸ ಹೋಗಬೇಡಿ. ವಿಲಿಯಮ್ಸ್‌ನಂಥ ಕಡೆ ಮೂರರಲ್ಲಿ ಒಬ್ಬ ಕಾಲೇಜ್ ಟೀಮಿನ ಆಟಗಾರ. ಅವರನ್ನ ಕೋಚ್ ಮೊದಲೇ ಆರಿಸಿರ್ತಾನೆ. ಬಸ್ ನಿಲ್ಲೋಕೆ ಮುಂಚೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಿದ್ವಲ್ಲ, ಹಂಗೆ. ನೀವು ಬಾಗಿಲಿಂದ ಹತ್ತಿ ಖಾಲಿ ಸೀಟು ಎಣಿಸಬೇಕು, ಟವೆಲ್ ಬಿಟ್ಟು.”

ಚಾನ್ಸ್ ಅವರ ಗಣಿತವಾದರೆ ಫಿಟ್ ಅವರ ಜ್ಯೋತಿಷ. ಹುಡುಗಿಗೆ ಕಾಲೇಜು ಹೊಂದುತ್ತದೆಯೇ ಎಂದು ಜಾತಕ ಕೂಡಿಸಿದ ಹಾಗೆ ಕೂಡಿಸುತ್ತಾರೆ. ಬಹಳಷ್ಟು ಕಾಲೇಜುಗಳು ವರ್ಷಕ್ಕೊಮ್ಮೆ ಹೊರಡಿಸುವ ಕಾಮನ್ ಡೇಟಾ ಸೆಟ್‌ನಲ್ಲಿ ಸಿ7 ಎಂಬ ಕೋಷ್ಟಕವಿದೆ. ಅಂಕ, ಪ್ರಬಂಧ, ಶಿಫಾರಸು ಪತ್ರ, ಸ್ವಭಾವ, ಯಾವುದು ಎಷ್ಟು ಮುಖ್ಯ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ಅಂಕಲ್‌ಗೆ ಅದು ಅಷ್ಟಕೂಟ. ಮೂವತ್ತಾರಕ್ಕೆ ಹದಿನೆಂಟು ಗುಣ ಬಂದರೆ ಅರ್ಜಿ ಹಾಕಬಹುದು. ಆದರೆ ಕೆಲವು ವರಗಳು ಅವರಿಗೇ ಒಗ್ಗಿಲ್ಲ. ಹ್ಯಾವರ್‌ಫರ್ಡ್‌ನಲ್ಲಿ ಪರೀಕ್ಷೆಗೆ ಕಾವಲಿರುವುದಿಲ್ಲ, ಹುಡುಗರು ತಮಗೆ ಬೇಕಾದ ಹೊತ್ತಿನಲ್ಲಿ ಕೂತು ಬರೆದು ಕೊಡುತ್ತಾರೆ ಎಂದು ಓದಿ ಅವರು ಅರ್ಧ ದಿನ ಮಾತಾಡಲಿಲ್ಲವಂತೆ. “ಸ್ಕ್ವಾಡೂ ಬರಲ್ವಾ?” ಎಂದು ಹೆಂಡತಿಯನ್ನು ಎರಡು ಸಲ ಕೇಳಿದರಂತೆ. ಆರಿಗನ್ನಿನ ರೀಡ್ ಕಾಲೇಜಿನ ಮೇಲಂತೂ ಅವರಿಗೆ ಹಳೆಯ ಸಿಟ್ಟು. 1995ರಿಂದ ಅದು ರ‍್ಯಾಂಕಿಂಗ್ ಪತ್ರಿಕೆಗೆ ಅಂಕಿ ಕೊಡುವುದನ್ನೇ ನಿಲ್ಲಿಸಿದೆ. ಓದುವ ಮಕ್ಕಳಿಗೂ ಕೇಳದ ಹೊರತು ಗ್ರೇಡು ತೋರಿಸುವುದಿಲ್ಲ. “ಪಕ್ಕದ ಮನೆಯವರಿಗೆ ಏನು ತೋರಿಸೋದು ಹಂಗಾದ್ರೆ?”

ಅವರು 1996ರಲ್ಲಿ ಸಿಇಟಿ ಬರೆದವರು. ರ‍್ಯಾಂಕ್ ಬಂತು, ಕೌನ್ಸೆಲಿಂಗ್ ಹಾಲಿಗೆ ಹೋದರು, ಉಳಿದ ಸೀಟು ನೋಡಿದರು, ಒಂದನ್ನು ತೋರಿಸಿದರು, ಚೀಟಿ ಕೈಗೆ ಬಂತು. ಹತ್ತು ನಿಮಿಷದ ಕೆಲಸ. ಅಲ್ಲಿ ಸೀಟು ತಪ್ಪಿದವನನ್ನು ಕೇಳಿದರೆ ಅವನಿಗೂ ಕಾರಣ ಗೊತ್ತಿತ್ತು, ಕೆಮಿಸ್ಟ್ರಿ ಕೈಕೊಟ್ಟಿತು. ಇಲ್ಲಿ ಅರ್ಜಿಯಲ್ಲಿ 650 ಪದದಲ್ಲಿ ‘ನಾನು ಯಾರು’ ಎಂದು ಬರೆಸಿಕೊಳ್ಳುತ್ತಾರೆ. ಹತ್ತು ಹವ್ಯಾಸ, ಒಂದೊಂದಕ್ಕೂ 150 ಅಕ್ಷರ. ಇಡೀ ಮಗುವನ್ನು ನೋಡಿ ತೀರ್ಮಾನಿಸುತ್ತೇವೆ ಎನ್ನುತ್ತಾರೆ. “ಅಲ್ಲೇ ಇರೋದು ಇವ್ರೇ ತೊಂದರೆ,” ಎಂದರು ಒಮ್ಮೆ, ಚಪ್ಪಲಿ ಹುಡುಕುತ್ತಾ. “ಬೇಡ ಅಂದಾಗ ಯಾವುದು ಬೇಡ ಆಯ್ತು? ಕೆಮಿಸ್ಟ್ರಿನಾ, ಮಗುನಾ?”

ಅಕ್ಟೋಬರಿನಲ್ಲಿ ನಮ್ಮ ಮನೆಗೆ ಲ್ಯಾಪ್‌ಟಾಪ್ ಸಮೇತ ಬಂದರು. ಕಾಫಿ ಲೋಟವನ್ನು ದೂರ ಸರಿಸಿ ಎಕ್ಸೆಲ್ ಶೀಟ್ ಬಿಡಿಸಿದರು. ಸಾಲಿಗೊಂದು ಮಗು, ಹೆಸರಿನ ಬದಲು ಜನ್ಮನಕ್ಷತ್ರ. ನಾಲ್ಕನೇ ಸಾಲಿನಲ್ಲಿ ಎಲ್ಲ ತುಂಬಿ ಕೊನೆಯ ಮನೆ ಮಾತ್ರ ಖಾಲಿ. ಯಾರದು ಎಂದೆ. “ನಮ್ಮ ಹುಡುಗಂದು. ಹೋದ ವರ್ಷದ್ದು. ಸ್ವಂತದ್ದಕ್ಕೆ ಲೆಕ್ಕ ಬರಲ್ಲ ಇವ್ರೇ” ಎಂದು ಸರಕ್ಕನೆ ಕೆಳಗೆ ಜಾರಿಸಿದರು.

“ಹೇಳು ಪುಟ್ಟೀ. ಭರತನಾಟ್ಯ?”

“ಬಿಟ್ಟುಬಿಟ್ಟೆ ಅಂಕಲ್.”

“ಒಳ್ಳೇದಾಯ್ತು, ಈ ಕೌಂಟಿಲಿ ಎಲ್ಲರದ್ದೂ ರಂಗಪ್ರವೇಶ ಆಗಿದೆ. ಡಿಬೇಟು? ಟೆನಿಸ್ಸು? ರೋಬಾಟು?”

ಯಾವುದೂ ಇಲ್ಲ. ಕೊನೆಗೆ ಅವಳು ಒಂದು ಹಳದಿ ನೋಟ್‌ಬುಕ್ ತಂದಿಟ್ಟಳು. ಎರಡು ವರ್ಷದಿಂದ ಓಕ್ ಟ್ರೀ ರೋಡಿನ ಅಂಗಡಿ, ಹೋಟೆಲ್ ಬೋರ್ಡುಗಳಲ್ಲಿ ಒಂದೊಂದು ತಿಂಡಿಗೆ ಎಷ್ಟು ಬಗೆಯ ಸ್ಪೆಲಿಂಗ್ ಇದೆ, ಯಾವುದು ತಮಿಳಿನವರದ್ದು, ಯಾವುದು ಗುಜರಾತಿಗಳ ಕೈಯಲ್ಲಿ ಹೀಗಾಯಿತು ಎಂದು ಬರೆದಿಟ್ಟಿದ್ದಳು. ದೋಸಾ, ದೋಸೈ, ಡೋಸಾ, ಥೋಸೈ. ಅವಳಿಗೆ ಭಾಷಾವಿಜ್ಞಾನ ಓದಬೇಕು. ಪ್ರಬಂಧವೂ ಅದರ ಮೇಲೆಯೇ.

ಅಂಕಲ್ ಶೀಟಿನ ಬಲತುದಿಯವರೆಗೂ ಹೋದರು. ಕಾಲಮ್ ಇರಲಿಲ್ಲ. ಹೊಸದೊಂದು ಮಾಡಿ ‘ಇತರೆ’ ಎಂದು ಬರೆದರು. ಆಮೇಲೆ ನೋಟ್‌ಬುಕ್ ಎತ್ತಿಕೊಂಡು ಮುಕ್ಕಾಲು ಗಂಟೆ ಓದಿದರು. ಕಾಫಿ ಆರಿ ಕೆನೆ ಕಟ್ಟಿತು.

“ಹನ್ನೊಂದು ಪರ್ಸೆಂಟ್ ಪುಟ್ಟೀ,” ಎಂದರು ಏಳುವಾಗ. ಲ್ಯಾಪ್‌ಟಾಪ್ ಮುಚ್ಚುವ ಮುನ್ನ ನನ್ನ ಕಣ್ಣಿಗೆ ಬಿದ್ದ ಅಂಕಿ ಹದಿನೆಂಟು.

ಡಿಸೆಂಬರ್ ಮಧ್ಯದ ಒಂದು ಸಂಜೆ ಉತ್ತರ ಬಂತು. ಅವಳು ಬಾಗಿಲು ಹಾಕಿಕೊಂಡು ನೋಡಿದಳು. ಒಳಗಿನಿಂದ ಸದ್ದು ಬರಲಿಲ್ಲ. ಹೆಂಡತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಪತ್ರ ಬಹಳ ಸಭ್ಯವಾಗಿತ್ತು. ಕಾರಣವೊಂದನ್ನು ಬಿಟ್ಟು ಎಲ್ಲ ಇತ್ತು.

ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ ಕರೆಗಂಟೆ. ಬ್ರಿಡ್ಜ್‌ವಾಟರ್ ದೇವಸ್ಥಾನದ ಧನುರ್ಮಾಸದ ಪೊಂಗಲ್ ಹಿಡಿದು ಪರ್ಸೆಂಟ್ ಅಂಕಲ್. ಯಾರು ಹೇಳಿದರೋ. ಮಗಳು ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅವರು ಎರಡು ಮೆಟ್ಟಿಲು ಕೆಳಗೆ ಕೂತರು.

“ನಿಂಗೆ ಹನ್ನೊಂದು ಅಂದಿದ್ದೆ ಅಲ್ವಾ ಪುಟ್ಟೀ? ರಾತ್ರಿ ಕೂತು ಮತ್ತೆ ಹಾಕಿದೆ. ತಪ್ಪು ಲೆಕ್ಕ. ಆರೇ ಇದ್ದಿದ್ದು. ಆರರಲ್ಲಿ ಯಾರಿಗಮ್ಮ ಸಿಗುತ್ತೆ?”

ನಾನು ಕಿಟಕಿಯ ಹೊರಗೆ ನೋಡಿದೆ.

ಅವಳು ಮಾತಾಡಲಿಲ್ಲ. ಅವರು ಮೊಬೈಲ್ ತೆಗೆದು, ಕನ್ನಡಕ ಹಣೆಗೇರಿಸಿ, ಒಂದು ಫೋಟೋ ಹಿಗ್ಗಿಸಿ ತೋರಿಸಿದರು. ಯಾವುದೋ ಅಂಗಡಿಯ ಬೋರ್ಡು. “ದಾರೀಲಿ ಸಿಕ್ತು. ಪೊಂಗಲ್‌ಗೆ ‘ಪಾಂಗೂಲ್’ ಅಂತ ಬರೆದವ್ನೆ. ಇದು ನಿನ್ನ ಪುಸ್ತಕದಲ್ಲಿ ಇದೆಯಾ?”

ಇರಲಿಲ್ಲ. ಎದ್ದು ಹೋಗಿ ಹಳದಿ ನೋಟ್‌ಬುಕ್ ತಂದಳು. ಬೋರ್ಡು ಯಾವ ಕಡೆಯದು, ಅಂಗಡಿಯವರು ಯಾರು ಎಂದು ವಿಚಾರಿಸಿ ಬರೆದುಕೊಂಡಳು. ಅಂಕಲ್ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

“ಒಟ್ಟು ಎಷ್ಟು ಬೋರ್ಡು ಆಯ್ತು?”

“ಇನ್ನೂರ ಹನ್ನೆರಡು.”

“ಅದರಲ್ಲಿ ತಪ್ಪಿರೋದು?”

“ತಪ್ಪು ಅಂತ ಇಲ್ಲ ಅಂಕಲ್. ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ಅಷ್ಟೆ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು.

“ಆದ್ರೂ,” ಎಂದರು, “ಅಂದಾಜು ಎಷ್ಟು ಪರ್ಸೆಂಟು?”